ಕಾಂಗೇರ್ ಕಣಿವೆಯ ಹೆಗ್ಗುರುತುಗಳು: ವಿಸ್ತಾರ, ಎತ್ತರ, ಉದ್ದ ಮತ್ತು ಸ್ಥಾನ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ಛತ್ತೀಸಗಢದ ಬಸ್ತರ್ ಜಿಲ್ಲೆಯಲ್ಲಿ, ಜಗದಲ್‌ಪುರದ ದಕ್ಷಿಣಕ್ಕಿರುವ ಕಾಂಗೇರ್ ಘಾಟಿ ರಾಷ್ಟ್ರೀಯ ಉದ್ಯಾನವು ಸುಣ್ಣಕಲ್ಲಿನ ಗುಹೆಗಳಿಗೂ ತೀರಥಗಢ ಜಲಪಾತಕ್ಕೂ ಹೆಸರಾದ ಕಾಡು. ಕಾಂಗೇರ್ ನದಿ ಈ ಕಾಡನ್ನು ಹಾದು ಪೂರ್ವದಲ್ಲಿ ಕೋಲಾಬ್ ನದಿಯನ್ನು ಸೇರುತ್ತದೆ. ಶಬರಿ ಎಂದೂ ಹೆಸರಿರುವ ಕೋಲಾಬ್ ಮುಂದೆ ಗೋದಾವರಿಗೆ ಕೂಡುತ್ತದೆ. ಇಲ್ಲಿನ ಹೆಗ್ಗುರುತುಗಳ ಬಗೆಗೆ ಚಲಾವಣೆಯಲ್ಲಿರುವ ಅಳತೆಗಳು ಹಲವು. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬ ವಿವರ ಮಾತ್ರ ಅವುಗಳ ಜೊತೆಗೆ ಅಪರೂಪಕ್ಕೆ ಬರುತ್ತದೆ. ಆ ಸಂಖ್ಯೆಗಳಲ್ಲಿ ಯಾವುವು ಪರಸ್ಪರ ಹೊಂದುತ್ತವೆ, ಯಾವುವು ಹೊಂದುವುದಿಲ್ಲ ಎಂದು ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ. ಹೊಸ ಅಳತೆಯನ್ನು ಇಲ್ಲಿ ಮಂಡಿಸಿಲ್ಲ.

2. ಎಲ್ಲೆ, ವಿಸ್ತೀರ್ಣ, ಸ್ಥಾನಮಾನ

ರಾಷ್ಟ್ರೀಯ ಉದ್ಯಾನದ ಘೋಷಣೆ 1982ರ ಜುಲೈ ತಿಂಗಳಿನದು. ಛತ್ತೀಸಗಢ ರಾಜ್ಯ ರಚನೆಯಾದದ್ದು 2000ದ ನವೆಂಬರ್ 1ರಂದು. ಆದ್ದರಿಂದ ಮೂಲ ಅಧಿಸೂಚನೆಯನ್ನು ಮಧ್ಯಪ್ರದೇಶ ಸರ್ಕಾರದ ದಾಖಲೆಯಾಗಿಯೇ ಉಲ್ಲೇಖಿಸಬೇಕು. ಈಚಿನ ಬರಹಗಳಲ್ಲಿ ಅದನ್ನು ಛತ್ತೀಸಗಢ ಸರ್ಕಾರದ್ದೆಂದು ಕಾಣಿಸುವುದು ಕಾಲಕ್ರಮಕ್ಕೆ ಒಪ್ಪುವುದಿಲ್ಲ.

ವಿಸ್ತೀರ್ಣ 200 ಚದರ ಕಿ.ಮೀ., ಉದ್ದ ಸುಮಾರು 33.5 ಕಿ.ಮೀ., ಸರಾಸರಿ ಅಗಲ ಸುಮಾರು 6 ಕಿ.ಮೀ. ಎಂಬ ಅಂಕಿಗಳು ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. 33.5ನ್ನು 6ರಿಂದ ಗುಣಿಸಿದರೆ 201, ಹೊಂದಾಣಿಕೆ ತೃಪ್ತಿಕರ. ಆದರೆ ಈ ಹೊಂದಾಣಿಕೆಯೊಂದೇ ಪುರಾವೆಯಾಗದು. ವಿಸ್ತೀರ್ಣವನ್ನು ಉದ್ದದಿಂದ ಭಾಗಿಸಿಯೇ ಸರಾಸರಿ ಅಗಲವನ್ನು ಪಡೆದಿರುವ ಸಾಧ್ಯತೆ ಇದೆ. ಸ್ವತಂತ್ರ ಪರೀಕ್ಷೆಗೆ ಒದಗುವುದು ಉದ್ಯಾನದ ಎಲ್ಲೆಗಳೆಂದು ಕೊಡಲಾಗುವ ನಿರ್ದೇಶಾಂಕಗಳು: ಉತ್ತರ ಅಕ್ಷಾಂಶ 18°45′ರಿಂದ 18°56′30″, ಪೂರ್ವ ರೇಖಾಂಶ 81°51′10″ರಿಂದ 82°10′. ಈ ಅಕ್ಷಾಂಶದಲ್ಲಿ ರೇಖಾಂಶದ ಒಂದು ಮಿನಿಟು ಸುಮಾರು 1.76 ಕಿ.ಮೀ. ಅಂದರೆ ಪೂರ್ವ–ಪಶ್ಚಿಮ ಹರವು ಸುಮಾರು 33 ಕಿ.ಮೀ., ಉತ್ತರ–ದಕ್ಷಿಣ ಹರವು ಸುಮಾರು 21 ಕಿ.ಮೀ. ಈ ಚೌಕಟ್ಟಿನ ಒಟ್ಟು ವಿಸ್ತೀರ್ಣ 700 ಚದರ ಕಿ.ಮೀ.ಗೆ ಹತ್ತಿರ, ಉದ್ಯಾನ ಅದರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಉದ್ಯಾನವು ಚೌಕಟ್ಟನ್ನು ಓರೆಯಾಗಿ ಹಾಯುವ ಪಟ್ಟಿಯಾಗಿರಬೇಕು. 33.5 ಕಿ.ಮೀ. ಉದ್ದ, 6 ಕಿ.ಮೀ. ಅಗಲದ ಆಯತವೊಂದನ್ನು ಪೂರ್ವ–ಪಶ್ಚಿಮ ರೇಖೆಯಿಂದ ಸುಮಾರು 28 ಡಿಗ್ರಿ ಓರೆಯಾಗಿಸಿದರೆ ಅದರ ಹರವು 32.4 ಮತ್ತು 21.0 ಕಿ.ಮೀ. ಆಗುತ್ತದೆ. ನಿಜವಾದ ಎಲ್ಲೆ ಆಯತವಲ್ಲ ಎಂಬುದನ್ನು ಗಣಿಸಿದರೆ ಈ ಸಾಮೀಪ್ಯ ಸಾಕಷ್ಟು ಬಲವಾದದ್ದು. ಪಶ್ಚಿಮದ ತುದಿಯ ತೀರಥಗಢ ಉತ್ತರಕ್ಕೂ ಪೂರ್ವದ ತುದಿಯ ಕೋಲಾಬ್ ದಂಡೆ ಅದಕ್ಕಿಂತ ದಕ್ಷಿಣಕ್ಕೂ ಇರುವುದು ಈ ಓರೆಗೆ ಅನುಗುಣವಾಗಿಯೇ ಇದೆ. ಕಣಿವೆಯ ಕುರಿತ ಅಂಕಿಗಳಲ್ಲಿ ಈ ಗುಂಪು ಅತ್ಯಂತ ವಿಶ್ವಾಸಾರ್ಹ ಎನ್ನಬಹುದು.

ಸ್ಥಾನಮಾನದ ವಿಷಯದಲ್ಲಿ ಎರಡು ತಿದ್ದುಪಡಿ ಅಗತ್ಯ. ಕಾಂಗೇರ್ ಘಾಟಿಯನ್ನು ‘ಜೀವಗೋಳ ಮೀಸಲು ಪ್ರದೇಶ’ ಎಂದು ಕರೆಯುವ ರೂಢಿ ಪ್ರವಾಸಿ ಸಾಹಿತ್ಯದಲ್ಲಿದೆ. ಭಾರತದ 18 ಜೀವಗೋಳ ಮೀಸಲುಗಳ ಅಧಿಕೃತ ಪಟ್ಟಿಯಲ್ಲಿ ಛತ್ತೀಸಗಢಕ್ಕೆ ಸಂಬಂಧಿಸಿದ್ದು ಮಧ್ಯಪ್ರದೇಶದೊಂದಿಗೆ ಹಂಚಿಕೊಂಡಿರುವ, 2005ರಲ್ಲಿ ಘೋಷಿತವಾದ ಅಚಾನಕ್‌ಮಾರ್–ಅಮರಕಂಟಕ ಒಂದೇ. ಎರಡನೆಯದಾಗಿ, 2025ರ ಮಾರ್ಚ್‌ನಲ್ಲಿ ಕಾಂಗೇರ್ ಘಾಟಿಯನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ತಾತ್ಕಾಲಿಕ ಪಟ್ಟಿ ನಾಮನಿರ್ದೇಶನಕ್ಕೆ ಮುಂಚಿನ ಹಂತ. ಅದನ್ನು ಮಾನ್ಯತೆ ಎಂದು ಬರೆಯುವಂತಿಲ್ಲ.

3. ಕಣಿವೆಯಲ್ಲಿ ಸುಣ್ಣಕಲ್ಲು ಯಾವುದು

‘ಸುಣ್ಣಕಲ್ಲಿನ ಕಣಿವೆ’ ಎಂಬ ವಿಶೇಷಣವನ್ನು ಎಲ್ಲ ಹೆಗ್ಗುರುತುಗಳಿಗೂ ಹರಡುವುದು ಸಲ್ಲದು. ಈ ಪ್ರದೇಶ ಇಂದ್ರಾವತಿ ನಿಕ್ಷೇಪಬೋಗುಣಿಗೆ ಸೇರಿದ್ದು. ಅದರ ಶಿಲಾಸಮೂಹವನ್ನು ಕೆಳಗಿನಿಂದ ಮೇಲಕ್ಕೆ ತೀರಥಗಢ, ಚೆರಾಕುರ್, ಕಾಂಗೇರ್, ಜಗದಲ್‌ಪುರ ಎಂಬ ನಾಲ್ಕು ಘಟಕಗಳಾಗಿ ವಿಂಗಡಿಸಲಾಗುತ್ತದೆ. ಇವುಗಳಲ್ಲಿ ತೀರಥಗಢ ಘಟಕ ಪ್ರಧಾನವಾಗಿ ಮರಳುಗಲ್ಲು. ಕಾಂಗೇರ್ ಘಟಕ ಸುಣ್ಣಕಲ್ಲು. ಜಗದಲ್‌ಪುರ ಘಟಕದಲ್ಲಿ ಜೇಡುಗಲ್ಲು ಮುಖ್ಯವಾಗಿದ್ದು ನಡುನಡುವೆ ಸುಣ್ಣಕಲ್ಲಿನ ಪದರಗಳಿವೆ. ಜಲಪಾತದ ಊರಿನ ಹೆಸರನ್ನೇ ಮರಳುಗಲ್ಲಿನ ಘಟಕಕ್ಕೆ ಇಟ್ಟಿರುವಾಗ, ತೀರಥಗಢದ ಬಂಡೆಮೆಟ್ಟಿಲುಗಳನ್ನು ಸುಣ್ಣಕಲ್ಲು ಎಂದು ವರ್ಣಿಸುವ ಬರಹಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಗುಹೆಗಳೂ ಜಲಪಾತವೂ ಒಂದೇ ಕಣಿವೆಯಲ್ಲಿದ್ದರೂ ಅವು ರೂಪುಗೊಂಡ ಬಗೆ ಬೇರೆ: ಮೊದಲನೆಯದು ಇಂಗಾಲಾಮ್ಲ ಬೆರೆತ ನೀರಿನಲ್ಲಿ ಕಲ್ಲು ಕರಗಿದ್ದರಿಂದ, ಎರಡನೆಯದು ಗಡಸು ಪದರದ ಅಂಚಿನಲ್ಲಿ ಹೊಳೆ ಧುಮುಕಿ ಕೊರೆದದ್ದರಿಂದ.

ಕಾಲದ ಬಗ್ಗೆಯೂ ಇದೇ ಎಚ್ಚರ ಬೇಕು. ಈ ಸುಣ್ಣಕಲ್ಲು ಪ್ರೊಟೆರೊಜೋಯಿಕ್ ಯುಗದ್ದು. ಬೋಗುಣಿಯ ಮೇಲ್ಭಾಗದ ಜ್ವಾಲಾಮುಖಿ ಬೂದಿಪದರಗಳ ಕಾಲನಿರ್ಣಯ ಸುಮಾರು 100 ಕೋಟಿ ವರ್ಷಗಳ ಹಿಂದಕ್ಕೆ ಹೋಗುತ್ತದೆ. ಅದು ಕಲ್ಲಿನ ವಯಸ್ಸು, ಗುಹೆಯ ವಯಸ್ಸಲ್ಲ. ಗುಹೆಯೊಳಗೆ ಬೆಳೆದ ಸುಣ್ಣದ ಕಂಬಗಳ ವಯಸ್ಸು ಇವೆರಡಕ್ಕೂ ಸಂಬಂಧಿಸದ ಮೂರನೆಯ ಸಂಗತಿ. ಅಳೆಯಲಾದ ಕಂಬಗಳು ಸಾವಿರಾರು ವರ್ಷಗಳ ಲೆಕ್ಕದವು. ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ‘ಕೋಟ್ಯಂತರ ವರ್ಷಗಳ ಗುಹೆ’ ಎನ್ನುವುದು ರೂಢಿಯಾಗಿದೆ. ಆ ಹೇಳಿಕೆಗೆ ಆಧಾರ ಸಾಲದು.

ಇನ್ನು ಜಲಪಾತದ ಅಳತೆ: ತೀರಥಗಢದ ಎತ್ತರವನ್ನು ಕೆಲವರು 300 ಅಡಿ, ಕೆಲವರು 91 ಮೀ., ಮತ್ತೆ ಕೆಲವರು 299 ಅಡಿ ಎನ್ನುತ್ತಾರೆ. ಇವು ಮೂರು ಅಳತೆಗಳಲ್ಲ, ಒಂದೇ ಅಳತೆಯ ಮೂರು ರೂಪಗಳೆಂದು ತೋರುತ್ತದೆ. 300 ಅಡಿ ಎಂದರೆ 91.44 ಮೀ.; ಅದನ್ನು 91ಕ್ಕೆ ಇಳಿಸಿ ಮತ್ತೆ ಅಡಿಗೆ ತಿರುಗಿಸಿದರೆ 298.6, ಅಂದರೆ 299. ಅಡಿಯ ಮಟ್ಟಿಗೂ ನಿಖರ ಎಂಬ ಭ್ರಮೆ ಹುಟ್ಟಿಸುವ 299 ಎಂಬುದು ಬಹುಶಃ ಎರಡು ಬಾರಿ ಪರಿವರ್ತಿಸಿದ್ದರ ಶೇಷ. ಮೂಲದ 300 ಒಂದು ದುಂಡು ಸಂಖ್ಯೆ. ಅದನ್ನು ‘ಸುಮಾರು’ ಎಂಬ ಮಾತಿನೊಂದಿಗೇ ಬಳಸಬೇಕು. ನೀರು ಒಂದೇ ನೆಗೆತದಲ್ಲಿ ಬೀಳದೆ ಮೆಟ್ಟಿಲುಗಳಲ್ಲಿ ಇಳಿಯುವುದರಿಂದ ಒಟ್ಟು ಇಳಿತವೂ ಅತಿ ಎತ್ತರದ ಒಂದು ಬೀಳೂ ಬೇರೆ ಬೇರೆ. ಹೊಳೆಯ ಹೆಸರಿನಲ್ಲಿಯೂ ವ್ಯತ್ಯಾಸವಿದೆ: ಕೆಲವೆಡೆ ಕಾಂಗೇರ್ ಎಂದೇ ಇದೆ, ಕೆಲವೆಡೆ ಅದರ ಉಪನದಿ ಮುಂಗಾ ಬಹಾರ್ ಎಂದಿದೆ. ಎರಡನೆಯದು ಹೆಚ್ಚು ನಿರ್ದಿಷ್ಟವಾದ್ದರಿಂದ ಅದಕ್ಕೆ ಆದ್ಯತೆ ಸಲ್ಲಬಹುದು. ಈ ಕಣಿವೆಯೊಂದಿಗೆ ಸೇರಿಸಿ ಹೇಳುವ ಚಿತ್ರಕೋಟ ಜಲಪಾತ ಇಂದ್ರಾವತಿ ನದಿಯದು, ಉದ್ಯಾನದ ಹೊರಗಿನದು.

ಕಣಿವೆಯ ಕೆಳಭಾಗದ ಭೈಂಸಾ ದರಹಾ, ಕಾಂಗೇರ್ ನದಿಯೇ ಹಿಗ್ಗಿ ನಿಂತ, ಬಿದಿರುಮೆಳೆ ಸುತ್ತುವರಿದ ಮಡು. ವಿಸ್ತಾರ ಸುಮಾರು 4 ಹೆಕ್ಟೇರ್, ಮೊಸಳೆಗಳ ನೆಲೆ. ಮಳೆಗಾಲಕ್ಕೂ ಬೇಸಗೆಗೂ ಹರವು ಬದಲಾಗುವ ನೀರಿಗೆ ತಿಂಗಳು ತಿಳಿಸದ ವಿಸ್ತೀರ್ಣ ಅರ್ಧ ಅಳತೆ ಮಾತ್ರ.

4. ಕೋಟುಂಸರ್ ಗುಹೆಯ ಉದ್ದ

ಕೋಟುಂಸರ್ ಅಥವಾ ಕುಟುಂಸರ್ ಕಣಿವೆಯ ಅತ್ಯಂತ ಪ್ರಸಿದ್ಧ ಗುಹೆ. ಹತ್ತಿರದ ಹಳ್ಳಿಯಿಂದ ಈ ಹೆಸರು ಬಂದಿದೆ. ಅದಕ್ಕೆ ಮುಂಚೆ ಗೋಪನ್‌ಸರ್ ಎಂಬ ಹೆಸರಿತ್ತು. ಹಳೆಯ ಮತ್ತು ಹೊಸ ಬರಹಗಳನ್ನು ಹೋಲಿಸುವಾಗ ಈ ಮೂರೂ ರೂಪಗಳನ್ನು ಒಂದೇ ಗುಹೆಯೆಂದು ಗುರುತಿಸಿಕೊಳ್ಳಬೇಕು.

ಗುಹಾಜೀವಶಾಸ್ತ್ರದ ಲೇಖನಗಳಲ್ಲಿ ಒಟ್ಟು ಉದ್ದ 330 ಮೀ. ಎಂದಿದೆ. ಮುಖ್ಯ ಸುರಂಗ ಸುಮಾರು 200 ಮೀ. ಉಳಿದದ್ದು ಬದಿಗೆ ಮತ್ತು ಕೆಳಕ್ಕೆ ಕವಲೊಡೆದ ದಾರಿಗಳು. ಪ್ರವಾಸಿ ಬರಹಗಳಲ್ಲಿ ಇದೇ ಗುಹೆ 1371 ಮೀ. ಉದ್ದ, ನೆಲಮಟ್ಟದಿಂದ 35 ಮೀ. ಆಳ. ನಾಲ್ಕು ಪಟ್ಟಿಗೂ ಮೀರಿದ ಈ ಅಂತರವನ್ನು ಅಳತೆಯ ಸಣ್ಣಪುಟ್ಟ ತಪ್ಪು ಎಂದು ವಿವರಿಸಲಾಗದು. ಇಲ್ಲಿಯೂ ಪರಿವರ್ತನೆಯ ಗುರುತಿದೆ: 4500 ಅಡಿ ಎಂದರೆ 1371.6 ಮೀ. ಅಂದರೆ 1371 ಎಂಬ ನಾಲ್ಕಂಕಿಯ ಸಂಖ್ಯೆಯ ಹಿಂದೆ 4500 ಅಡಿ ಎಂಬ ದುಂಡು ಅಂದಾಜು ಇದ್ದಿರಬಹುದು. ಆ ಅಂದಾಜು ಹೊಕ್ಕು ಹೊರಬರುವ ಒಟ್ಟು ನಡಿಗೆಯದೋ, ಎಲ್ಲ ಕವಲುಗಳನ್ನು ಕೂಡಿಸಿದ್ದೋ ಎಂಬುದು ಆ ಬರಹಗಳಿಂದ ಗೊತ್ತಾಗುವುದಿಲ್ಲ. ಕವಲುಗಳ ವಿವರಣೆಯೊಂದಿಗೆ ಬರುವ 330 ಮೀ. ಸದ್ಯಕ್ಕೆ ಸ್ವೀಕಾರಾರ್ಹ. 35 ಮೀ. ಆಳವೂ ಹೀಗೆಯೇ ಅಸ್ಪಷ್ಟ: ದ್ವಾರದಿಂದ ಕೆಳತುದಿಗಿರುವ ಇಳಿತವೋ, ಗುಹೆಯ ಮೇಲಿರುವ ಕಲ್ಲಿನ ದಪ್ಪವೋ?

‘ವಿಶ್ವದ ಎರಡನೆಯ ಅತಿ ಉದ್ದದ ನೈಸರ್ಗಿಕ ಗುಹೆ’ ಎಂಬ ಹೇಳಿಕೆ ಮಾತ್ರ ಯಾವ ಅಂಕಿಯ ಆಧಾರದಲ್ಲೂ ನಿಲ್ಲುವುದಿಲ್ಲ. 1371 ಮೀ. ಎಂದೇ ಒಪ್ಪಿದರೂ, ಮೇಘಾಲಯದ ಕ್ರೆಮ್ ಲಿಯಾಟ್ ಪ್ರಾ ಗುಹಾಜಾಲದ ಅಳತೆ ಮಾಡಿದ ಉದ್ದ 30 ಕಿ.ಮೀ. ಮೀರಿದೆ, ಅಮೆರಿಕದ ಮ್ಯಾಮತ್ ಗುಹೆಯದು 600 ಕಿ.ಮೀ.ಗೂ ಹೆಚ್ಚು. ಕಣಿವೆಯ ಬಗೆಗಿನ ಅತ್ಯಂತ ಪ್ರಚಲಿತ ವಾಕ್ಯವೂ ಇದೇ ಆಗಿರುವುದು ವಿಷಾದದ ಸಂಗತಿ. ಕೋಟುಂಸರ್‌ನ ನಿಜವಾದ ಮಹತ್ವ ಉದ್ದದಲ್ಲಿಲ್ಲ, ಅದರೊಳಗಿನ ಜೀವಿಗಳಲ್ಲಿದೆ.

5. ಶೋಧದ ವರ್ಷಗಳು

ಕೋಟುಂಸರ್‌ನ ವೈಜ್ಞಾನಿಕ ಪರಿಶೋಧನೆಯನ್ನು ಡಾ. ಶಂಕರ್ ತಿವಾರಿ ಅವರ ಹೆಸರಿನೊಂದಿಗೆ, ಹಲವೆಡೆ 1951 ಎಂಬ ವರ್ಷದೊಂದಿಗೆ ದಾಖಲಿಸಲಾಗಿದೆ. ಗುಹೆ ಪತ್ತೆಯಾದದ್ದು 1900ರ ಸುಮಾರಿಗೆ ಎಂಬ ಹೇಳಿಕೆಯೂ ಉಂಟು. ಇವೆರಡರಲ್ಲಿ ವಿರೋಧವಿಲ್ಲ: ಒಂದು ಗುಹೆಯ ಇರವು ತಿಳಿದ ಕಾಲ, ಇನ್ನೊಂದು ಒಳಹೊಕ್ಕು ವಿವರ ಬರೆದ ಕಾಲ. ಇದೇ ಕಣಿವೆಯ ಕೈಲಾಸ ಗುಹೆಗೆ 1993, ದಂಡಕ ಗುಹೆಗೆ 1995 ಎಂಬ ವರ್ಷಗಳು ಉದ್ಯಾನದ ಸಿಬ್ಬಂದಿ ಅವುಗಳನ್ನು ಗುರುತಿಸಿದ ವರ್ಷಗಳೆಂದು ಓದುವುದು ಸುರಕ್ಷಿತ. ತಲೆಮಾರುಗಳಿಂದ ಈ ಕಾಡಿನಲ್ಲಿಯೇ ಬಾಳಿದ ಧುರ್ವಾ ಮೊದಲಾದ ಸಮುದಾಯಗಳಿಗೆ ಗುಹೆಗಳ ಬಾಯಿ ಯಾವಾಗ ತಿಳಿಯಿತು ಎಂಬುದಕ್ಕೆ ಈ ಇಸವಿಗಳು ಉತ್ತರವಲ್ಲ. ಆದ್ದರಿಂದ ‘ಪತ್ತೆಯಾಯಿತು’ ಎಂಬುದಕ್ಕಿಂತ ‘ದಾಖಲಾಯಿತು’ ಎಂದು ಬರೆಯುವುದು ಮೇಲು.

6. ದಂಡಕ ಗುಹೆಯ ನಿರ್ದೇಶಾಂಕ ಮತ್ತು ಮುಂಗಾರಿನ ದಾಖಲೆ

ವೈಜ್ಞಾನಿಕ ಸಾಹಿತ್ಯದಲ್ಲಿ ಈ ಕಣಿವೆಗೆ ಅತಿ ಹೆಚ್ಚಿನ ಉಲ್ಲೇಖ ದೊರೆತದ್ದು ಮಳೆಯ ಚರಿತ್ರೆಯಿಂದ. ಗುಹೆಯ ನೆಲದಿಂದ ಮೇಲೇಳುವ ಸ್ಟ್ಯಾಲಗ್ಮೈಟ್‌ಗಳ ಪದರಗಳಲ್ಲಿ ಆಮ್ಲಜನಕದ ಐಸೋಟೋಪ್‌ಗಳ ಅನುಪಾತವನ್ನು ಅಳೆದು ಹಿಂದಿನ ಮುಂಗಾರನ್ನು ಅಂದಾಜಿಸುತ್ತಾರೆ. ಸ್ಥೂಲವಾಗಿ, ಮಳೆ ಹೆಚ್ಚಿದಂತೆ ಭಾರದ ಆಮ್ಲಜನಕ–18ರ ಪಾಲು ಇಳಿಯುತ್ತದೆ. ತೇವಾಂಶದ ಮೂಲ ಬದಲಾದರೂ ಈ ಅನುಪಾತ ಬದಲಾಗುವುದರಿಂದ ಅದನ್ನು ನೇರವಾಗಿ ಮಿಲಿಮೀಟರಿಗೆ ತಿರುಗಿಸಲು ಈಗಿನ ಸಂಶೋಧಕರು ಹಿಂಜರಿಯುತ್ತಾರೆ.

ದಂಡಕ ಗುಹೆಯ ಒಂದು ಸ್ಟ್ಯಾಲಗ್ಮೈಟ್‌ನಿಂದ ಕ್ರಿ.ಶ. 600ರಿಂದ 1500ರವರೆಗಿನ ದಾಖಲೆಯನ್ನು ಆಶಿಶ್ ಸಿನ್ಹಾ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದರು. 2011ರ ಅವರ ಇನ್ನೊಂದು ಲೇಖನ ಇದೇ ಕಣಿವೆಯ ಝುಮರ್ ಗುಹೆಯ ಮಾದರಿಯನ್ನೂ ಸೇರಿಸಿಕೊಂಡಿತು. ಕೋಟುಂಸರ್‌ನ ಸ್ಟ್ಯಾಲಗ್ಮೈಟ್ ಆಧರಿಸಿ ಮಧ್ಯ ಹೊಲೊಸೀನ್ ಕಾಲದ ಮುಂಗಾರನ್ನು ಕುರಿತ ಲೇಖನ 2018ರದು.

2007ರ ಲೇಖನದಲ್ಲಿ ದಂಡಕ ಗುಹೆಯ ಸ್ಥಾನ 19°00′ ಉತ್ತರ, 82°00′ ಪೂರ್ವ. ಅದೇ ಲೇಖನ ಗುಹೆಯನ್ನು ಉದ್ಯಾನದೊಳಗೆ ಇರಿಸುತ್ತದೆ. ವಿಭಾಗ 2ರಲ್ಲಿ ಕಂಡಂತೆ ಉದ್ಯಾನದ ಉತ್ತರದ ಎಲ್ಲೆ 18°56′30″. ಹಾಗಾದರೆ ಕೊಟ್ಟಿರುವ ಬಿಂದು ಉದ್ಯಾನದ ಉತ್ತರತುದಿಗಿಂತ 3′30″, ಅಂದರೆ ಸುಮಾರು 6.5 ಕಿ.ಮೀ. ಆಚೆಗೆ ಬೀಳುತ್ತದೆ. ಉದ್ಯಾನ ಓರೆಯಾಗಿರುವುದರಿಂದ 82° ರೇಖಾಂಶದಲ್ಲಿ ಅದರ ಎಲ್ಲೆ ಇನ್ನೂ ದಕ್ಷಿಣಕ್ಕಿದ್ದು, ನಿಜವಾದ ಅಂತರ ಇದಕ್ಕೂ ಹೆಚ್ಚಿರಬಹುದು. ಎರಡೂ ನಿರ್ದೇಶಾಂಕಗಳು ಪೂರ್ಣ ಡಿಗ್ರಿಗಳಾಗಿರುವುದು ಗಮನಾರ್ಹ. ಸಂಖ್ಯೆಯನ್ನು ಹತ್ತಿರದ 5 ಮಿನಿಟಿಗೆ ಸುತ್ತಿದ್ದರೆ ವ್ಯತ್ಯಾಸ 2.5 ಮಿನಿಟಿಗೆ ಮೀರುತ್ತಿರಲಿಲ್ಲ. ಇಲ್ಲಿ ಕನಿಷ್ಠ 3.5 ಮಿನಿಟಿನಷ್ಟಿದೆ. ಆದ್ದರಿಂದ ಸುತ್ತುವಿಕೆ ಇದಕ್ಕಿಂತ ಒರಟಾದದ್ದು ಎಂದೇ ತೀರ್ಮಾನಿಸಬೇಕು. ‘00′’ ಎಂಬ ಬರಹ ಮಿನಿಟಿನ ನಿಖರತೆಯನ್ನು ಸೂಚಿಸುವುದಿಲ್ಲ.

ಇದರಿಂದ ಮಳೆಯ ಕುರಿತ ನಿರ್ಣಯಗಳಿಗೆ ಧಕ್ಕೆಯಿಲ್ಲ. ಮಧ್ಯಭಾರತದ ಮುಂಗಾರಿನ ಅಳತೆಪಟ್ಟಿಯಲ್ಲಿ ಆರೇಳು ಕಿ.ಮೀ. ಲೆಕ್ಕಕ್ಕೆ ಬಾರದು. ಆದರೆ ಅದೇ ಗುಹೆಯಿಂದ ಮತ್ತೆ ಮಾದರಿ ತೆಗೆಯುವವರಿಗೆ, ಗುಹೆಗಳ ನಕ್ಷೆ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ಕೋಟುಂಸರ್‌ಗೆ ಕೊಡಲಾಗುವ 18°52′09″ ಉತ್ತರ, 81°56′05″ ಪೂರ್ವ ಎಂಬ ಸೆಕೆಂಡಿನವರೆಗಿನ ಸ್ಥಾನದೊಂದಿಗೆ ಹೋಲಿಸಿದರೆ ಅಂತರ ಸ್ಪಷ್ಟವಾಗುತ್ತದೆ. ಒಂದು ಸೆಕೆಂಡು ಸುಮಾರು 30 ಮೀ.; 330 ಮೀ. ಉದ್ದದ ಗುಹೆಯ ದ್ವಾರವನ್ನು ಗುರುತಿಸಲು ಸೆಕೆಂಡು ಬೇಕೇ ಬೇಕು. ಎರಡೂ ಸ್ಥಾನಗಳನ್ನು ಒಂದೇ ಕೋಷ್ಟಕದಲ್ಲಿ ಇಡುವವರು ನಿಖರತೆಗೊಂದು ಪ್ರತ್ಯೇಕ ಅಂಕಣ ಸೇರಿಸುವುದು ಒಳ್ಳೆಯದು.

ದಂಡಕದ ದಾಖಲೆಯಲ್ಲಿ 14ನೆಯ ಶತಮಾನ ಹಾಗೂ 15ನೆಯ ಶತಮಾನದ ಪೂರ್ವಾರ್ಧದಲ್ಲಿ ಮುಂಗಾರು ದುರ್ಬಲವಾಗಿದ್ದ ಅವಧಿಗಳು ಕಾಣುತ್ತವೆ. ಇವನ್ನು ದಖ್ಖನಿನ ದುರ್ಗಾದೇವಿ ಬರದೊಂದಿಗೆ ಹೊಂದಿಸಲಾಗಿದೆ. ಬಹಮನಿ ಆಳ್ವಿಕೆಯ ಕಾಲದ ಈ ಬರ 1396ರಲ್ಲಿ ಆರಂಭವಾಗಿ 12 ವರ್ಷ ಬಾಧಿಸಿತೆಂಬುದು ಪರಂಪರಾಗತ ಹೇಳಿಕೆ. ಮೊದಲ ವರ್ಷವನ್ನು ಲೆಕ್ಕಕ್ಕೆ ಹಿಡಿದರೆ ಕೊನೆ 1407, ಬಿಟ್ಟರೆ 1408. ದಂಡಕದ ಪದರಗಳಿಗೆ ಬಳಸಿದ ಯುರೇನಿಯಂ–ಥೋರಿಯಂ ವಿಧಾನದ ಕಾಲನಿರ್ಣಯದಲ್ಲಿ ಸಹಜವಾಗಿಯೇ ದೋಷಮಿತಿ ಇರುವುದರಿಂದ, ವರ್ಷಕ್ಕೆ ವರ್ಷ ತಾಳೆ ನೋಡುವುದು ಸಾಧುವಲ್ಲ. ದಶಕಗಳ ಮಟ್ಟದ ಹೊಂದಾಣಿಕೆ ಮಾತ್ರ ಒಪ್ಪತಕ್ಕದ್ದು. ಬಸ್ತರಿನ ಮಳೆಯೂ ದಖ್ಖನಿನ ಮಳೆಯೂ ಪ್ರತಿವರ್ಷ ಒಂದೇ ದಿಕ್ಕಿನಲ್ಲಿ ಏರಿಳಿಯುತ್ತವೆಂದು ಮೊದಲೇ ಊಹಿಸಿಕೊಳ್ಳುವಂತೆಯೂ ಇಲ್ಲ.

ಆ ಊಹೆಯನ್ನು ಪರೀಕ್ಷಿಸಲು ಕರ್ನಾಟಕದ ಒಂದು ಮಾದರಿ ಭಾಗಶಃ ನೆರವಾಗಬಹುದಿತ್ತು. ಉತ್ತರ ಕನ್ನಡ ಜಿಲ್ಲೆಯ ಅಕಳಗವಿಯ ಗುಹಾನಿಕ್ಷೇಪದಿಂದ 331 ವರ್ಷಗಳ ಮಳೆಯ ದಾಖಲೆಯನ್ನು ಎಂ.ಜಿ. ಯಾದವ, ಆರ್. ರಮೇಶ್ ಮತ್ತು ಜಿ.ಬಿ. ಪಂತ್ 2004ರಲ್ಲಿ ಪ್ರಕಟಿಸಿದರು. ಮರುವರ್ಷ ಯಾದವ ಮತ್ತು ರಮೇಶ್ ಅವರು ದಂಡಕ ಹಾಗೂ ಕೋಲಾಬ್ ಆಚೆಗಿನ ಒಡಿಶಾದ ಗುಪ್ತೇಶ್ವರ ಗುಹೆಗಳ ಮಾದರಿಗಳನ್ನು ರೇಡಿಯೊ ಕಾರ್ಬನ್ ವಿಧಾನದಿಂದ ಕಾಲನಿರ್ಣಯ ಮಾಡಿದ ಲೇಖನ ಪ್ರಕಟಿಸಿದರು. ಸಹ್ಯಾದ್ರಿಯ ಗುಹೆಯೂ ಬಸ್ತರಿನ ಗುಹೆಗಳೂ ಹೀಗೆ ಒಂದೇ ಸಂಶೋಧನಾ ಸರಣಿಯಲ್ಲಿ ಸೇರಿವೆ. ಆದರೆ ಅಕಳಗವಿಯ ದಾಖಲೆ 17ನೆಯ ಶತಮಾನದ ಉತ್ತರಾರ್ಧದಿಂದೀಚಿನದು. ದಂಡಕದ 2007ರ ದಾಖಲೆ 1500ಕ್ಕೆ ಮುಗಿಯುತ್ತದೆ. ಎರಡರ ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ತೆರಪಿದೆ. ಹೀಗಾಗಿ ಇವೆರಡನ್ನು ಒಂದರ ಮೇಲೊಂದಿಟ್ಟು ಹೋಲಿಸಲು ಬರುವುದಿಲ್ಲ; ಒಂದರ ಮುಂದುವರಿಕೆಯಾಗಿ ಇನ್ನೊಂದನ್ನು ಜೋಡಿಸುವುದಂತೂ ಸರ್ವಥಾ ತಪ್ಪು.

7. ಗುಹೆಯ ಮೀನು: ಹೆಸರಿನ ಪ್ರಶ್ನೆ

ಕೋಟುಂಸರ್‌ನ ಒಳಗಿನ ಹೊಂಡಗಳಲ್ಲಿ ಬಾಳುವ ಪುಟ್ಟ ಮೀನಿಗೆ ಹಳೆಯ ಲೇಖನಗಳಲ್ಲಿ ನೆಮಾಖೈಲಸ್ ಇವೆಜಾರ್ಡಿ ಎಂದೂ, ಇಂಡೊರಿಯೊನೆಕ್ಟಿಸ್ ಎಂಬ ಕುಲ 1978ರಲ್ಲಿ ರಚನೆಯಾದ ಬಳಿಕ ಇಂಡೊರಿಯೊನೆಕ್ಟಿಸ್ ಇವೆಜಾರ್ಡಿ ಎಂದೂ ಹೆಸರು. ಎರಡೂ ಒಂದೇ ಪ್ರಭೇದದ ಹೆಸರುಗಳು. ಗುಹೆಯ ಸಮುದಾಯದಲ್ಲಿ ಕಣ್ಣು ಕುಗ್ಗಿದೆ, ಮೈಬಣ್ಣ ಮಾಸಿದೆ. ಆದರೆ ಈ ಕುಗ್ಗುವಿಕೆ ಎಲ್ಲ ಮೀನುಗಳಲ್ಲಿ ಒಂದೇ ಪ್ರಮಾಣದಲ್ಲಿಲ್ಲ, ಹಾಗಾಗಿ ‘ಕುರುಡು ಮೀನು’ ಎಂಬ ಸಾಮಾನ್ಯ ಹೆಸರು ಅತಿವ್ಯಾಪ್ತಿಯದು. ಬೆಳಕಿಲ್ಲದೆಡೆ ಇವುಗಳ ದಿನಚಕ್ರ ಹೇಗೆ ಉಳಿದಿದೆ ಎಂಬ ಪ್ರಶ್ನೆಯನ್ನು ಪ್ರಧಾನ್, ಪತಿ ಮತ್ತು ಅಗರ್‌ವಾಲ್ ಅವರ 1989ರ ಅಧ್ಯಯನ ಎತ್ತಿಕೊಂಡಿತು. ಗುಹೆಯ ಗಾಳಿಯ ಉಷ್ಣತೆ ವರ್ಷವಿಡೀ 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹೆಚ್ಚು ಏರಿಳಿಯದೆ ಇರುವುದು ಇಂಥ ಅಧ್ಯಯನಕ್ಕೆ ಅನುಕೂಲ. ಮಳೆಗಾಲದಲ್ಲಿ ನೀರು ನುಗ್ಗಿ ಗುಹೆ ಮುಚ್ಚುತ್ತದೆ. ಹೊರಗಿನ ಮೀನುಗಳು ಒಳಬರಬಹುದಾದ, ಒಳಗಿನವು ಹೊರಹೋಗಬಹುದಾದ ಕಾಲವೂ ಅದೇ. ಕಣ್ಣಿನ ಪ್ರಮಾಣದಲ್ಲಿರುವ ವ್ಯತ್ಯಾಸಕ್ಕೆ ಈ ಬೆರಕೆ ಒಂದು ಕಾರಣವಾಗಿರಬಹುದು. ಇದನ್ನು ಊಹೆಯೆಂದೇ ಪರಿಗಣಿಸಬೇಕು.

ಇವೆಜಾರ್ಡಿ ಪ್ರಭೇದವನ್ನು ಫ್ರಾನ್ಸಿಸ್ ಡೇ ವರ್ಣಿಸಿದ್ದು 1872ರಲ್ಲಿ, ಪುಣೆಯ ಮಾದರಿಗಳಿಂದ. ಪುಣೆ ಭೀಮಾ ನದಿಯ, ಅಂದರೆ ಕೃಷ್ಣಾ ಜಲಾನಯನದ ಊರು, ಕಾಂಗೇರ್ ಗೋದಾವರಿಯದು. ಈಚಿನ ವರ್ಷಗಳಲ್ಲಿ ಉತ್ತರ ಸಹ್ಯಾದ್ರಿಯಲ್ಲಿಯೇ ಈ ಕುಲದಿಂದ ಹಲವು ಹೊಸ ಪ್ರಭೇದಗಳನ್ನು ಬೇರ್ಪಡಿಸಲಾಗಿದೆ. ಪುಣೆಯ ಹತ್ತಿರದ ಹೊಳೆಗಳ ಮೀನುಗಳೇ ಒಂದಲ್ಲ ಎಂದಾದ ಮೇಲೆ, ನೂರಾರು ಕಿ.ಮೀ. ಪೂರ್ವಕ್ಕೆ, ಬೇರೊಂದು ಜಲಾನಯನದ ಗುಹೆಯಲ್ಲಿರುವ ಮೀನಿಗೆ ಪುಣೆಯ ಹೆಸರನ್ನು ಸಂದೇಹವಿಲ್ಲದೆ ಮುಂದುವರಿಸುವುದು ಕಷ್ಟ. ಹೊಸ ಪ್ರಭೇದವೆಂದು ಘೋಷಿಸಲು ಇಷ್ಟು ಸಾಲದು. ಪುಣೆಯ ಮಾದರಿ, ಕಾಂಗೇರ್ ನದಿಯ ಹೊರಮೀನು, ಗುಹೆಯ ಮೀನು ಈ ಮೂರರ ಅಂಗರಚನೆ ಹಾಗೂ ಡಿಎನ್ಎ ಹೋಲಿಕೆ ಆಗಬೇಕು. ಅಲ್ಲಿಯವರೆಗೆ ಪ್ರಕಟಣೆಗಳಲ್ಲಿ ‘ಇವೆಜಾರ್ಡಿಗೆ ಸಮೀಪದ’ ಎಂಬ ವಿಶೇಷಣದೊಡನೆ, ಮಾದರಿ ಹಿಡಿದ ಹೊಂಡ ಮತ್ತು ತಿಂಗಳನ್ನು ನಮೂದಿಸಿ ಬರೆಯುವುದು ಸೂಕ್ತ. ಇದೇ ಗುಹೆಯ ಚಿಮ್ಮಂಡೆ ಕೆಂಪಿಯೋಲಾ ಶಂಕರಿಯ ವಿಷಯದಲ್ಲಿ ಈ ತೊಡಕಿಲ್ಲ: 1977ರಲ್ಲಿ ಸಿನ್ಹಾ ಮತ್ತು ಅಗರ್‌ವಾಲ್ ಅದನ್ನು ವರ್ಣಿಸಿದ್ದು ಕೋಟುಂಸರ್‌ನ ಮಾದರಿಗಳಿಂದಲೇ, ಶಂಕರ್ ತಿವಾರಿ ಅವರ ಹೆಸರಿನಲ್ಲಿ.